ತಮ್ಮ "ನನಗೆ ಅದು ಯಾರ ಮೇಲೂ ಬರೋದೇ ಇಲ್ಲ" ಅಂದ. ಅವ್ವನಿಗೆ ಏನು ಹೇಳಲಿ?

ಅಣ್ಣಿಗೇರಿ_ದಾರಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ದಿನಾ ಓದುತ್ತೇನೆ, ಬರೆಯುವುದು ಇದೇ ಮೊದಲು. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ.

ನನ್ನ ತಮ್ಮನಿಗೆ 31 ವರ್ಷ. ಹುಬ್ಬಳ್ಳಿಯಲ್ಲಿ ನೌಕರಿ. ಕುಡಿತ, ಇಸ್ಪೀಟು ಯಾವುದೂ ಇಲ್ಲ. ನಾನೂ ಮದುವೆಯಾಗಿ ಇಲ್ಲೇ ಇದ್ದೇನೆ. ತವರು ಗದಗ ಹತ್ತಿರ ಒಂದು ಹಳ್ಳಿ. ನಾಲ್ಕು ವರ್ಷದಿಂದ ಅವನಿಗೆ ಕನ್ಯಾ ನೋಡುತ್ತಿದ್ದೇವೆ. ಹದಿನೈದು ಮನೆಯ ಚೂಡಾ ಚಹಾ ಮುಗಿದಿದೆ. ಪ್ರತಿ ಸಲ ಏನೋ ಒಂದು ನೆಪ. ಹುಡುಗಿ ಜಾಸ್ತಿ ಓದಿದ್ದಾಳೆ, ಹುಡುಗಿ ಕಡಿಮೆ ಓದಿದ್ದಾಳೆ, ಊರು ದೂರ, ಊರು ತೀರಾ ಹತ್ತಿರ.

ಈ ಸಲ ಪಂಚಮಿಗೆ ನನ್ನನ್ನು ಕರೆಯಲು ಅವನೇ ಬಂದ. ಅಣ್ಣಿಗೇರಿ ದಾಟಿದ ಮೇಲೆ ಚಹಾ ಕುಡಿಯಲು ಗಾಡಿ ನಿಲ್ಲಿಸಿದೆವು. ನನಗೆ ಸುಮ್ನೆ ಇರಲಾಗಲಿಲ್ಲ. "ಯಾರನ್ನಾದರೂ ಲವ್ ಮಾಡಿಯೇನೋ? ಬೇರೆ ಜಾತಿ ಇದ್ದರೂ ಹೇಳು, ಅವ್ವನ ಜೊತೆ ನಾನು ಮಾತಾಡ್ತೀನಿ" ಅಂದೆ. ಇಲ್ಲ ಅಂದ. ಆಮೇಲೆ ಧೈರ್ಯ ಮಾಡಿ "ಹುಡುಗರು ಇಷ್ಟಾನಾ?" ಅಂತ ಕೇಳಿಬಿಟ್ಟೆ. ಅದಕ್ಕೂ ಇಲ್ಲ. ಗ್ಲಾಸು ಕೆಳಗಿಟ್ಟು, "ಯಕ್ಕಾ, ನನಗೆ ಅದು ಯಾರ ಮೇಲೂ ಬರೋದೇ ಇಲ್ಲ. ಇವತ್ತು ಬರ್ತದ, ನಾಳೆ ಬರ್ತದ ಅಂತ ಇಷ್ಟು ವರ್ಷ ಕಾದೆ" ಅಂದ. ಮೊಬೈಲ್ ತೆಗೆದು ಎರಡು ಪದ ತೋರಿಸಿದ. ಏಸೆಕ್ಷುಯಲ್, ಏರೋಮ್ಯಾಂಟಿಕ್.

ನಾನು ಊರಿಗೆ ಹೋದ ರಾತ್ರಿಯೇ ಕನ್ನಡದಲ್ಲಿ ಹುಡುಕಿದೆ. ಅಲೈಂಗಿಕ ಅಂತ ಹಾಕಿದರೆ ಅಮೀಬಾ, ಹೈಡ್ರಾ, ಯೀಸ್ಟು ಬಂತು. ಒಂಬತ್ತನೇ ಕ್ಲಾಸು ನೆನಪಾಗಿ ನಗು ಬಂತು, ಆಮೇಲೆ ಅಳು ಬಂತು.

ನನಗೆ ಗೊತ್ತಾಗಬೇಕಾದದ್ದು ಇಷ್ಟು. ಇದು ರೋಗವಾ? ಡಾಕ್ಟರಿಗೆ ತೋರಿಸಬೇಕಾ? ಮುಂದೆ ಬದಲಾಗುತ್ತದಾ? ಎಲ್ಲಕ್ಕಿಂತ ದೊಡ್ಡದು ಅಂದರೆ ಬರುವ ಭಾನುವಾರ ಗದಗಿನಲ್ಲಿ ಒಂದು ಮನೆಗೆ ಹೋಗುವುದಿದೆ, ಅವ್ವ ಮಾತು ಕೊಟ್ಟಾಗಿದೆ, ಫೋಟೋ ಜಾತಕ ಎಲ್ಲ ಆಗಿದೆ. "ನಿಮ್ಮ ಸಲುವಾಗಿ ಬೇಕಾದರೆ ಮದುವೆ ಆಗ್ತೀನಿ" ಅಂದುಬಿಟ್ಟಿದ್ದಾನೆ. ಆಗ ಆಯ್ತು ಬಿಡು ಅನ್ನಿಸಿತು. ಈಗ ರಾತ್ರಿ ನಿದ್ದೆ ಬರುತ್ತಿಲ್ಲ.

ಹಳೇ_ಹುಬ್ಬಳ್ಳಿ_ಅಜ್ಜ

ತಂಗೀ, ನಿಮ್ಮ ತಮ್ಮನಿಗೆ ಏನೂ ಆಗಿಲ್ಲ. ಮೊಬೈಲ್ ನೋಡಿ ನೋಡಿ ಇಲ್ಲದ ಹೆಸರು ಕಲಿತಿದ್ದಾನೆ. ನಾನು ನನ್ನ ಹೆಂಡತಿಯ ಮುಖ ಸರಿಯಾಗಿ ನೋಡಿದ್ದೇ ಅಕ್ಕಿಕಾಳು ಬಿದ್ದ ಮೇಲೆ. ಈಗ 41 ವರ್ಷ ಆಯಿತು. ಅವನೇ ಆಗುತ್ತೇನೆ ಅಂದಿದ್ದಾನಲ್ಲ, ಇನ್ನೇನು ಬೇಕು? ಮಾಡಿಬಿಡಿ. ಒಂದು ಕೂಸು ಆದರೆ ಎಲ್ಲ ಸರಿ ಹೋಗುತ್ತದೆ.

ಕೆಲಗೇರಿ_ಕೆರೆ

ಅಜ್ಜಾರೇ, ನಿಮ್ಮ 41 ವರ್ಷಕ್ಕೆ ಶರಣು. ಆದರೆ ನಿಮಗೆ ಅಕ್ಕಿಕಾಳು ಬಿದ್ದ ಮೇಲಾದರೂ ಬಂತಲ್ಲ. ನಮಗೆ ಆಮೇಲೂ ಬರುವುದಿಲ್ಲ ಅನ್ನುವುದೇ ಇಲ್ಲಿ ಮಾತು.

ಅಕ್ಕಾ, ನಾನು ಏಸ್. ಏಸೆಕ್ಷುಯಲ್‌ಗೆ ನಾವೇ ಇಟ್ಟುಕೊಂಡ ಗಿಡ್ಡ ಹೆಸರು ಅದು. 36 ವರ್ಷ, ಹುಟ್ಟಿ ಬೆಳೆದದ್ದು ಧಾರವಾಡದ ಮಾಳಮಡ್ಡಿ. ನಿಮಗೆ ಪುಸ್ತಕದ ವ್ಯಾಖ್ಯೆ ಹೇಳಿದರೆ ತಲೆಗೆ ಹೋಗುವುದಿಲ್ಲ, ನನಗೂ ಹೋಗಿರಲಿಲ್ಲ. ನಮ್ಮ ಮನೆಯ ಕಥೆ ಹೇಳುತ್ತೇನೆ. ನಮ್ಮಲ್ಲಿ ಎಲ್ಲರಿಗೂ ಹಿಂದೂಸ್ತಾನಿ ಸಂಗೀತದ ಹುಚ್ಚು. ಊರಲ್ಲಿ ಎಲ್ಲಿ ಬೈಠಕ್ ಇದ್ದರೂ ಅಪ್ಪ ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದರು. ಒಂದು ತಾನ್ ಬಂದರೆ ಸಾಕು, ಇಡೀ ಸಾಲು "ಆಹಾ" ಅನ್ನುತ್ತಿತ್ತು. ನನಗೂ ಕೇಳಿಸುತ್ತದೆ. ಶ್ರುತಿ ಬಿಟ್ಟರೆ ಗೊತ್ತಾಗುತ್ತದೆ. ಗಾಯಕರು ದೊಡ್ಡವರು ಅಂತಲೂ ತಿಳಿಯುತ್ತದೆ. ಆದರೆ ಒಳಗಿನಿಂದ ಆ "ಆಹಾ" ಬರುವುದಿಲ್ಲ. ಅದಕ್ಕೆ ಕಿವಿ ಕೆಟ್ಟಿದೆ ಅಂತ ಯಾರೂ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿಲ್ಲ. ಹುಡುಗರ ವಿಷಯದಲ್ಲೂ ನನಗೆ ಹಾಗೇ. ಚೆಂದ ಇದ್ದಾರೆ ಅಂತ ಕಾಣುತ್ತದೆ, "ಆಹಾ" ಇಲ್ಲ, ಅಷ್ಟೇ. ಕಿವಿಗೆ ಮಾಡದ ಉಪಚಾರವನ್ನು ಇದಕ್ಕೆ ಮಾತ್ರ ಮಾಡಿಸಿದರು, ಅದು ಬೇರೆ ಕಥೆ.

ಪಿಯು ಹಾಸ್ಟೆಲ್‌ನಲ್ಲಿ ದೀಪ ಆರಿದ ಮೇಲೆ "ನಿನ್ನ ಹೀರೋ ಯಾರು" ಅಂತ ಶುರು ಆಗುತ್ತಿತ್ತು. ಸುಮ್ಮನಿದ್ದರೆ ಬಿಡುತ್ತಿರಲಿಲ್ಲ. ಅದಕ್ಕೆ ಒಬ್ಬ ನಟನ ಹೆಸರು ಬಾಯಿಪಾಠ ಮಾಡಿ ಇಟ್ಟುಕೊಂಡಿದ್ದೆ, ಪರೀಕ್ಷೆಗೆ ಪಾಣಿಪತ್ ಯುದ್ಧದ ಇಸವಿ ಇಟ್ಟುಕೊಂಡ ಹಾಗೆ. "ಅವನ ಯಾವ ಸಿನಿಮಾ ಇಷ್ಟ?" ಅಂತ ಮುಂದಿನ ಪ್ರಶ್ನೆ ಬಂದಾಗ ಸಿಕ್ಕಿಬಿದ್ದೆ, ಒಂದೂ ನೋಡಿರಲಿಲ್ಲ. ಬಹಳ ದಿನ ನಾನು ಅಂದುಕೊಂಡಿದ್ದು ಏನು ಗೊತ್ತಾ? ಉಳಿದವರೆಲ್ಲ ಸುಮ್ನೆ ಜಾಸ್ತಿ ಮಾಡುತ್ತಾರೆ, ಒಳಗೆ ಎಲ್ಲರೂ ನನ್ನ ಹಾಗೇ ಇರುತ್ತಾರೆ ಅಂತ.

ಈಗ ಆ ಎರಡು ಪದ. ಏಸೆಕ್ಷುಯಲ್ ಅಂದರೆ ಯಾರ ಮೇಲೂ ದೇಹದ ಸೆಳೆತ ಹುಟ್ಟದವರು ಅಥವಾ ತೀರಾ ಅಪರೂಪಕ್ಕೆ ಹುಟ್ಟುವವರು. ಏರೋಮ್ಯಾಂಟಿಕ್ ಅಂದರೆ ಈ ಪ್ರೇಮ ಅನ್ನುತ್ತಾರಲ್ಲ, ಒಬ್ಬರ ಹಿಂದೆ ಮನಸ್ಸು ಓಡುವುದು, ಅದು ಆಗದವರು. ಎರಡೂ ಜೊತೆಗೇ ಇರಬೇಕು ಅಂತೇನಿಲ್ಲ. ನಾನು ಏಸ್, ಆದರೆ ಪ್ರೀತಿ ಮಾಡಿದ್ದೇನೆ. ಮೂರು ವರ್ಷ. ಸಂಜೆ ಕೆಲಗೇರಿ ಕೆರೆ ಸುತ್ತ ತಿರುಗುತ್ತಿದ್ದೆವು, ನನ್ನ ಹೆಸರು ಅಲ್ಲಿಂದಲೇ ಬಂದದ್ದು. ಅವನಿಗೆ ಬೇಕಾದ ಮದುವೆ ನನ್ನಿಂದ ಆಗುವುದಿಲ್ಲ ಅಂತ ಹೇಳಿದೆ. ಅವನು ಒಳ್ಳೆಯವನು, ಬಹಳ ಯೋಚನೆ ಮಾಡಿದ, ಆಗಲ್ಲ ಅಂದ. ಏಸ್‌ಗಳಿಗೆ ಮನಸ್ಸೇ ಇಲ್ಲ ಅನ್ನುವವರು ಆಮೇಲಿನ ಆರು ತಿಂಗಳು ನನ್ನನ್ನು ನೋಡಬೇಕಿತ್ತು.

ಇನ್ನೊಂದು. ಸೆಳೆತ ಬೇರೆ, ದೇಹದ ಆಸೆ ಬೇರೆ, ನಡವಳಿಕೆ ಬೇರೆ. ಆಸೆ ಇದ್ದೂ ಅದು ಯಾರ ಕಡೆಗೂ ತಿರುಗದ ಏಸ್‌ಗಳು ಇದ್ದಾರೆ. ಸಂಗಾತಿಯ ಸಲುವಾಗಿ ಕೂಡುವವರೂ ಇದ್ದಾರೆ, ಮಕ್ಕಳಿರುವವರೂ ಇದ್ದಾರೆ. ನೆನೆಸಿಕೊಂಡರೇ ಹೇಸಿಗೆ ಆಗುವವರೂ ಇದ್ದಾರೆ. ಮನಸ್ಸು ಬಹಳ ಹತ್ತಿರವಾದ ಮೇಲೆ ಮಾತ್ರ ಸೆಳೆತ ಬಂದರೆ ಡೆಮಿ ಅನ್ನುತ್ತಾರೆ, ಇದೆಯೋ ಇಲ್ಲವೋ ಅನ್ನುವ ಹಾಗಿದ್ದರೆ ಗ್ರೇ. ನಿಮ್ಮ ತಮ್ಮ ಇದರಲ್ಲಿ ಎಲ್ಲಿದ್ದಾರೆ ಅಂತ ನಾವು ಯಾರೂ ಹೇಳಲಾಗದು, ಅವರೇ ಹೇಳಬೇಕು. ಅವರಿಗೂ ಇನ್ನೂ ಪೂರ್ತಿ ಗೊತ್ತಿಲ್ಲದೆ ಇರಬಹುದು.

ಇದು ಮೊಬೈಲ್ ಬಂದ ಮೇಲೆ ಹುಟ್ಟಿದ್ದೂ ಅಲ್ಲ ಅಜ್ಜಾರೇ. 1948ರಲ್ಲಿ ಅಮೆರಿಕದ ಕಿನ್ಸೆ ಅನ್ನುವವರು ಗಂಡಸರ ಲೈಂಗಿಕತೆಯ ಮೇಲೆ ದೊಡ್ಡ ವರದಿ ಮಾಡಿದಾಗ, ಸೆಳೆತ ಹೆಂಗಸರ ಕಡೆಗೋ ಗಂಡಸರ ಕಡೆಗೋ ಅಂತ ನೋಡಲು 0ಯಿಂದ 6ರವರೆಗೆ ಒಂದು ಅಳತೆಪಟ್ಟಿ ಇಟ್ಟಿದ್ದರು. ಅದರಲ್ಲಿ ಎಲ್ಲೂ ಕೂರದ ಜನ ಸಿಕ್ಕರು. ಅವರನ್ನು ಎಕ್ಸ್ ಅಂತ ಪಕ್ಕಕ್ಕೆ ಬರೆದಿಟ್ಟು ಮುಂದೆ ಹೋದರು. 2001ರಲ್ಲಿ ಡೇವಿಡ್ ಜೇ ಅನ್ನುವ ಕಾಲೇಜು ಹುಡುಗ ಏವೆನ್ ಅನ್ನುವ ಜಾಲತಾಣ ಶುರು ಮಾಡಿದ ಮೇಲೆ ಆ ಎಕ್ಸ್‌ಗಳು ಒಬ್ಬರಿಗೊಬ್ಬರು ಸಿಕ್ಕರು. 2004ರಲ್ಲಿ ಕೆನಡಾದ ಸಂಶೋಧಕ ಬೊಗಾರ್ಟ್ ಬ್ರಿಟನ್ನಿನ 18 ಸಾವಿರಕ್ಕೂ ಹೆಚ್ಚು ಜನರ ಸಮೀಕ್ಷೆ ತೆಗೆದು ನೋಡಿದರೆ ನೂರಕ್ಕೆ ಸುಮಾರು ಒಬ್ಬರು "ಯಾರ ಮೇಲೂ ಸೆಳೆತ ಆಗಿಲ್ಲ" ಅಂದಿದ್ದರು. ಬ್ರಿಟನ್ನಿನ ಲೆಕ್ಕ ನಮಗೆ ಹಾಗೇ ಹಚ್ಚಬಾರದು, ಆದರೂ ಸಂಜೆ ಆರು ಗಂಟೆಯ ಚಿಗರಿ ಬಸ್ಸಿನಲ್ಲಿ ಒತ್ತಿಕೊಂಡು ನಿಂತಾಗ ನಾನು ಸುತ್ತ ಒಮ್ಮೆ ನೋಡುತ್ತೇನೆ.

ನಮ್ಮ ದೇಶದಲ್ಲೂ ಜನ ಇದ್ದಾರೆ. ದೆಹಲಿಯ ಡಾಕ್ಟರ್ ಪ್ರಗತಿ ಸಿಂಗ್ ಇಂಡಿಯನ್ ಏಸಸ್ ಅಂತ ಗುಂಪು ಕಟ್ಟಿದ್ದಾರೆ, ಬಿಬಿಸಿಯ 2019ರ ನೂರು ಮಹಿಳೆಯರ ಪಟ್ಟಿಯಲ್ಲಿ ಅವರ ಹೆಸರಿತ್ತು. ತಮ್ಮನಿಗೆ ತೋರಿಸಿ. ಏಸ್‌ಗಳಲ್ಲಿ ಒಂದು ತಮಾಷೆ ಇದೆ, "ಅದಕ್ಕಿಂತ ಕೇಕ್ ವಾಸಿ" ಅಂತ. ಧಾರವಾಡದವಳಾಗಿ ನಾನು ಕೇಕ್ ಅನ್ನಲಾರೆ. ಲೈನ್ ಬಜಾರಿನ ಫೇಡೆ ವಾಸಿ.

ಕೊನೆಗೆ ಎರಡು ವಿನಂತಿ. "ಸಣ್ಣವನಿದ್ದಾಗ ಯಾರಾದರೂ ಏನಾದರೂ ಮಾಡಿದರಾ?" ಅಂತ ಕೇಳಬೇಡಿ. ನನ್ನನ್ನು ಎಲ್ಲರೂ ಕೇಳಿದರು, ಏನಾದರೂ ಆಗಿದ್ದರೆ ಒಳ್ಳೆಯದಿತ್ತು ಅನ್ನುವ ದನಿಯಲ್ಲಿ. ಮತ್ತೆ, ಅವರನ್ನು ಕೇಳದೆ ಅವ್ವನಿಗೆ ಏನೂ ಹೇಳಬೇಡಿ. ಅವರು ಹೇಳಿದ್ದು ನಿಮಗೆ.

ಗಿರ್ಮಿಟ್_ಮಿರ್ಚಿ

ಒಂದು ಡೌಟು. ಹಾಗಾದರೆ ಬ್ರಹ್ಮಚಾರಿಗಳು, ಮಠದ ಸ್ವಾಮಿಗಳು ಎಲ್ಲ ಏಸ್ ಅಂತಲೇ? ಗೇಲಿ ಮಾಡುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ಕೆಲಗೇರಿ_ಕೆರೆ

ಅಲ್ಲ. ಬ್ರಹ್ಮಚರ್ಯ ಅಂದರೆ ಹಸಿವಿದ್ದೂ ಉಪವಾಸ ಮಾಡುವುದು, ಅದು ವ್ರತ. ಇದು ವ್ರತ ಅಲ್ಲ, ನಾನು ಏನನ್ನೂ ಬಿಟ್ಟಿಲ್ಲ, ಬಿಡಲು ಏನೂ ಇರಲಿಲ್ಲ. ಮಜಾ ಅಂದರೆ ನಮ್ಮ ಕಡೆ ಒಬ್ಬ ಹುಡುಗ ಕಾವಿ ಉಟ್ಟು ಮದುವೆ ಬೇಡ ಅಂದರೆ ಕಾಲಿಗೆ ಬೀಳುತ್ತಾರೆ. ಅದೇ ಹುಡುಗ ಪ್ಯಾಂಟು ಶರ್ಟು ಹಾಕಿಕೊಂಡು ಬೇಡ ಅಂದರೆ "ಏನೋ ಕೊರತೆ ಐತಿ" ಅನ್ನುತ್ತಾರೆ.

ಬಿಪಿ_ನೋಡೋಣ_ಬನ್ನಿ

ನಾನು ವೈದ್ಯ. ಇಲ್ಲಿ ಕೂತು ಯಾರನ್ನೂ ಪರೀಕ್ಷೆ ಮಾಡಲಾಗದು, ಆದರೂ ಕೇಳಿದ್ದಕ್ಕೆ ಉತ್ತರ. ಮೊದಲಿನಿಂದಲೂ ಹಾಗೇ ಇದ್ದಾರೆ, ಅದರಿಂದ ಅವರಿಗೆ ತ್ರಾಸಿಲ್ಲ ಅಂದರೆ ರೋಗ ಅಲ್ಲ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಡಿಎಸ್ಎಂ, ನಾವೂ ಅದನ್ನು ಓದುತ್ತೇವೆ. 2013ರಲ್ಲಿ ಬಂದ ಅದರ 5ನೇ ಆವೃತ್ತಿಯಲ್ಲಿ, ತಾನು ಏಸೆಕ್ಷುಯಲ್ ಅಂತ ಗುರುತಿಸಿಕೊಂಡವರಿಗೆ ಕಾಮಾಸಕ್ತಿ ಕೊರತೆ ಅನ್ನುವ ರೋಗದ ಹೆಸರು ಹಚ್ಚಬಾರದು ಅಂತ ಸ್ಪಷ್ಟ ಇದೆ.

ಮೊದಲು ಆಸೆ ಇತ್ತು, ಈಗ ಹೋಗಿದೆ ಅಂದರೆ ಮಾತು ಬೇರೆ. ಸಕ್ಕರೆ ಕಾಯಿಲೆ, ಥೈರಾಯ್ಡ್, ಖಿನ್ನತೆ, ಖಿನ್ನತೆಗೆ ಕೊಡುವ ಕೆಲವು ಗುಳಿಗೆ, ಇವುಗಳಿಂದ ಹಾಗೆ ಆಗುತ್ತದೆ. ಆಗ ತೋರಿಸಬೇಕು. ನಿಮ್ಮ ತಮ್ಮ ಹೇಳಿದ್ದು ಹಾಗಿಲ್ಲ.

ದಯವಿಟ್ಟು ಗೋಡೆ ಮೇಲೆ "ಗುಪ್ತರೋಗ, ಪುರುಷತ್ವ" ಅಂತ ಬರೆಸಿಕೊಂಡವರ ಹತ್ತಿರ ಕರೆದುಕೊಂಡು ಹೋಗಬೇಡಿ. ಒಲವು ಬದಲಿಸುತ್ತೇವೆ ಅಂತ ಚಿಕಿತ್ಸೆ ಕೊಡುವುದು ವೃತ್ತಿಗೆ ತಕ್ಕ ನಡತೆ ಅಲ್ಲ, ಅದು ದುರ್ನಡತೆ ಅಂತ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವೇ ಹೇಳಿದೆ. ಮನಸ್ಸಿಗೆ ಭಾರ ಅನ್ನಿಸಿದರೆ, ಅವರಿಗಾಗಲಿ ನಿಮಗಾಗಲಿ, ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಬೇಡ, ಕನ್ನಡದಲ್ಲಿ ಮಾತಾಡಬಹುದು. ನಿದ್ದೆ ಬರುತ್ತಿಲ್ಲ ಅಂದಿರಲ್ಲ, ಅದಕ್ಕೇ ನಿಮಗೂ ಅಂದೆ.

ಬ್ಯಾಡಗಿ_ಕೆಂಪು

ಎಲ್ಲರೂ ಏಸ್ ಬಗ್ಗೆ ಬರೆದಿದ್ದೀರಿ, ನಾನು ಇನ್ನೊಂದು ಪದದವನು. ಏರೋ. ಹಾವೇರಿ ಜಿಲ್ಲೆ, ಮೆಣಸಿನಕಾಯಿ ವ್ಯಾಪಾರ, ನಲವತ್ತು ದಾಟಿದೆ.

ನನಗೆ ದೇಹದ ಸೆಳೆತ ಇದೆ. ಪ್ರೇಮ ಇಲ್ಲ. ಇದನ್ನು ಹೇಳುವುದು ಏಸ್ ಅಂತ ಹೇಳುವುದಕ್ಕಿಂತ ಕಷ್ಟ ಅಂತ ನನ್ನ ಅನಿಸಿಕೆ, ಯಾಕೆಂದರೆ ಅವರನ್ನು ಪಾಪ ಅನ್ನುತ್ತಾರೆ, ನನ್ನನ್ನು ಲಫಂಗ ಅನ್ನುತ್ತಾರೆ. ವಯಸ್ಸಿನಲ್ಲಿ ಒಬ್ಬಳ ಜೊತೆ ಎರಡು ವರ್ಷ ಇದ್ದೆ. ಅವಳು "ನನ್ನ ನೆನಪಾಗ್ತದಾ?" ಅಂತ ಮೆಸೇಜ್ ಹಾಕುತ್ತಿದ್ದಳು. ಸುಳ್ಳು ಹೇಳುತ್ತಿದ್ದೆ. ಸಿನಿಮಾದಲ್ಲಿ ಹುಡುಗ ಏನೇನು ಮಾಡುತ್ತಾನೋ ಅದನ್ನೆಲ್ಲ ನೋಡಿ ಮಾಡಿದೆ, ಹೂವು ತಂದೆ, ರಾತ್ರಿ ಒಂದು ಗಂಟೆತನಕ ಫೋನಿನಲ್ಲಿ ಮಾತಾಡಿದೆ. ಮಾರ್ಕೆಟ್ಟಿನಲ್ಲಿ ದಿನವಿಡೀ ನಿಂತರೂ ಅಷ್ಟು ದಣಿವಾಗುತ್ತಿರಲಿಲ್ಲ. ಕೊನೆಗೆ ಅವಳೇ "ನೀನು ಯಾರನ್ನೂ ಪ್ರೀತಿಸೋನಲ್ಲ" ಅಂತ ಬೈದು ಹೋದಳು. ಬೈಗುಳ ಅನ್ನಿಸಲಿಲ್ಲ, ಯಾರೋ ಸರಿಯಾಗಿ ತೂಕ ಮಾಡಿ ಹೇಳಿದರು ಅನ್ನಿಸಿತು. ಅವಳಿಗೆ ನೋವು ಕೊಟ್ಟೆ, ಅದು ನನ್ನ ತಪ್ಪು. ಪದ ಆಗಲೇ ಗೊತ್ತಿದ್ದರೆ ಮೊದಲೇ ಹೇಳುತ್ತಿದ್ದೆ.

ಪ್ರೀತಿ ಇಲ್ಲದವನು ಮನುಷ್ಯನೇ ಅಲ್ಲ ಅಂತ ಒಂದು ಮಾತಿದೆ ನೋಡಿ, ಅದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಅಪ್ಪ ಹಾಸಿಗೆ ಹಿಡಿದ ಮೂರು ವರ್ಷ ಅವರ ಮೈ ತೊಳೆದದ್ದು ನಾನು. ನನ್ನ ಗೆಳೆಯ, ಅವನ ಹೆಂಡತಿ, ಎರಡು ಮಕ್ಕಳು ಕೆಳಗಿನ ಮನೆಯಲ್ಲಿ, ನಾನು ಮೇಲೆ. ಊಟ ಒಂದೇ ಕಡೆ. ಆ ಮಕ್ಕಳ ಶಾಲೆಯ ಫೀ ಅರ್ಧ ನನ್ನದು, ಜ್ವರ ಬಂದರೆ ದವಾಖಾನೆಗೆ ಓಡುವವನು ನಾನು. ಕಾಕಾ ಅನ್ನುತ್ತಾರೆ. ಇದಕ್ಕೆ ಏನು ಹೆಸರು ಇಡುತ್ತೀರೋ ಇಡಿ. ತಮ್ಮ ಒಬ್ಬಂಟಿ ಆಗುತ್ತಾನೆ ಅಂತ ನಿಮಗೆ ಭಯ ಇರಬಹುದು ಅಕ್ಕಾರೇ. ಮದುವೆ ಆಗದವನು ಒಬ್ಬಂಟಿ ಅಲ್ಲ, ಊಟಕ್ಕೆ ಯಾರೂ ದಾರಿ ಕಾಯದವನು ಒಬ್ಬಂಟಿ.

ಹೆಸರು_ಬೇಡ

ನಾನು ಉತ್ತರ ಬರೆಯಬಾರದು ಅಂದುಕೊಂಡಿದ್ದೆ. ಹಳೇ ಹುಬ್ಬಳ್ಳಿ ಅಜ್ಜ ಅವರ ಮಾತು ಎರಡು ದಿನದಿಂದ ಕಿವಿಯಲ್ಲಿದೆ. ಮಾಡಿಬಿಡಿ, ಎಲ್ಲ ಸರಿ ಹೋಗುತ್ತದೆ.

ಹಾಗೆ ಮಾಡಿಬಿಟ್ಟ ಮನೆಗೆ ಬಂದ ಸೊಸೆ ನಾನು.

2016ರಲ್ಲಿ ಮದುವೆ. ಒಳ್ಳೆಯ ಮನೆತನ, ಒಳ್ಳೆಯ ಹುಡುಗ. ನಿಜವಾಗಿಯೂ ಒಳ್ಳೆಯವನು, ಇದನ್ನು ಈಗಲೂ ಹೇಳುತ್ತೇನೆ. ಮೊದಲ ರಾತ್ರಿ ದಣಿದಿದ್ದೇನೆ ಅಂದ. ಎರಡನೇ ರಾತ್ರಿಯೂ. ಮೂರು ತಿಂಗಳಾದ ಮೇಲೆ ನಾನು ಕನ್ನಡಿ ಮುಂದೆ ನಿಲ್ಲಲು ಶುರು ಮಾಡಿದೆ. ದಪ್ಪ ಇದ್ದೇನಾ? ಕಪ್ಪಾ? ಬಾಯಿ ವಾಸನೆಯಾ? ರಾತ್ರಿ ಊಟ ಬಿಟ್ಟೆ. ಹೊಸ ಸೀರೆ ತಂದೆ. ಅವನು "ಚೆಂದ ಕಾಣ್ತೀ" ಅಂದು ಆ ಕಡೆ ತಿರುಗಿ ಮಲಗುತ್ತಿದ್ದ. ವರ್ಷ ಕಳೆದ ಮೇಲೆ ಅತ್ತೆ ಕೇಳಿದ್ದು ಅವನನ್ನಲ್ಲ, ನನ್ನನ್ನು. "ಗಂಡನ್ನ ಒಲಿಸಿಕೊಳ್ಳಾಕ ಬರಂಗಿಲ್ಲೇನು ನಿನಗ?" ಅಂತ. ಕೂಸು ಯಾಕಾಗಿಲ್ಲ ಅಂತ ಪರೀಕ್ಷೆ ಮಾಡಿಸಿದ್ದೂ ನನಗೇ ಮೊದಲು. ಟೇಬಲ್ ಮೇಲೆ ಮಲಗಿದಾಗ ಡಾಕ್ಟರಮ್ಮ ಹೌಹಾರಿ, "ನಿಮ್ಮಿಬ್ಬರ ನಡುವೆ ಏನೂ ಆಗೇ ಇಲ್ವಲ್ಲಮ್ಮ?" ಅಂದರು. ನಾಚಿಕೆಯಿಂದ ಸತ್ತುಹೋದೆ. ಯಾರ ನಾಚಿಕೆ ಅದು? ನನ್ನದಂತೂ ಆಗಬೇಕಿರಲಿಲ್ಲ, ಅಲ್ವಾ?

ಅವನೂ ಸುಖವಾಗಿರಲಿಲ್ಲ. ಎರಡು ಸಲ ಪ್ರಯತ್ನ ಮಾಡಿದ, ಎರಡೂ ಸಲ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡ. ನಾನು ಹೊರಗೆ ನಿಂತು ಕೇಳಿಸಿಕೊಂಡೆ. ನನ್ನನ್ನು ಕಂಡರೆ ವಾಂತಿ ಬರುತ್ತದೆ ಅಂತ ತಿಳಿದುಕೊಂಡೆ. ಇನ್ನೇನು ತಿಳಿಯಲಿ? ಯಾರೂ ಏನೂ ಹೇಳಿರಲಿಲ್ಲ. ಅವನಿಗೆ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ ಅಷ್ಟೇ. ಮದುವೆಗೆ ಮೊದಲು ಅವನ ಅಕ್ಕನಿಗೆ ಹೇಳಿದ್ದನಂತೆ. ಆಕೆ "ಆಮೇಲೆ ಸರಿ ಹೋಗ್ತದ" ಅಂದಿದ್ದರಂತೆ.

ಅದಕ್ಕೇ ನಿಮ್ಮ ಪ್ರಶ್ನೆ ಓದಿ ಕೈ ನಡುಗಿತು. ನೀವು ಆಕೆ ಅಲ್ಲ, ಗೊತ್ತಿದೆ.

ನಾಲ್ಕು ವರ್ಷದ ಮೇಲೆ ಇಬ್ಬರೂ ಒಪ್ಪಿ ಬಿಟ್ಟೆವು. ಆಮೇಲೆ ಒಂದು ದಿನ ಅವನೇ ಏಸೆಕ್ಷುಯಲ್ ಬಗ್ಗೆ ಒಂದು ಲೇಖನ ಕಳಿಸಿದ. ಕೆಳಗೆ ಒಂದೇ ಸಾಲು, "ನೀನು ಚೆಂದ ಇದ್ದೆ, ಅದು ಸುಳ್ಳಲ್ಲ." ಬಸ್ ಸ್ಟ್ಯಾಂಡಿನಲ್ಲಿ ನಿಂತು ಓದಿದೆ, ಬಸ್ಸು ಬಂದು ಹೋಯಿತು. ಅವನ ಮೇಲೆ ನನಗೆ ಈಗ ಸಿಟ್ಟಿಲ್ಲ. ಗೊತ್ತಿದ್ದೂ ಸುಮ್ಮನಿದ್ದವರ ಮೇಲೆ ಇದೆ, ಅದು ಹೋಗುವುದಿಲ್ಲ.

ಕರಿ_ಕೋಟು

ಧಾರವಾಡದಲ್ಲಿ ವಕೀಲಿ ಮಾಡುತ್ತೇನೆ. ಮೇಲಿನ ತಂಗಿಯ ಮಾತಿನ ನಂತರ ಕಾನೂನು ಮಾತಾಡುವುದು ಸ್ವಲ್ಪ ಒಣ ಅನ್ನಿಸಬಹುದು, ಆದರೆ "ನಿಮ್ಮ ಸಲುವಾಗಿ ಆಗ್ತೀನಿ" ಅಂದ ಹುಡುಗನಿಗೆ ಇದು ಗೊತ್ತಿರಬೇಕು.

ಏಸ್ ಆಗಿರುವುದು, ಮದುವೆ ಆಗದಿರುವುದು ಯಾವ ಕಾನೂನಿನಲ್ಲೂ ತಪ್ಪಲ್ಲ. ತೊಂದರೆ ಶುರುವಾಗುವುದು ಮುಚ್ಚಿಟ್ಟು ಮದುವೆಯಾದಾಗ. ಹಿಂದೂ ವಿವಾಹ ಕಾಯ್ದೆ 1955ರ 12ನೇ ಕಲಂ ಪ್ರಕಾರ ಎದುರಿನವರ ಷಂಡತನದ ಕಾರಣದಿಂದ ದೈಹಿಕ ಸಂಬಂಧ ಆಗಿಲ್ಲದಿದ್ದರೆ, ಇಲ್ಲವೇ ಮುಖ್ಯ ಸಂಗತಿ ಮುಚ್ಚಿಟ್ಟು ಮೋಸದಿಂದ ಒಪ್ಪಿಗೆ ಪಡೆದಿದ್ದರೆ, ಮದುವೆ ರದ್ದು ಕೇಳಬಹುದು. ಮೋಸದ ಕಾರಣಕ್ಕೆ ಕೇಳುವುದಾದರೆ ಅದು ಗೊತ್ತಾದ ಒಂದು ವರ್ಷದೊಳಗೆ ಕೇಳಬೇಕು. ಏಸ್ ಅಂದರೆ ಷಂಡ ಅಲ್ಲ, ಆದರೆ ಕೋರ್ಟಿನಲ್ಲಿ ಆ ಪದವನ್ನೇ ಎಳೆದು ತರುತ್ತಾರೆ, ಊರೆಲ್ಲ ಓದುವ ಅರ್ಜಿಯಲ್ಲಿ ಹಾಗೇ ಬರೆಸುತ್ತಾರೆ. 2007ರ ಸಮರ್ ಘೋಷ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಸರಿಯಾದ ಕಾರಣವಿಲ್ಲದೆ ಬಹಳ ಕಾಲ ಒಬ್ಬರೇ ನಿರ್ಧಾರ ಮಾಡಿ ಸಂಬಂಧ ನಿರಾಕರಿಸುವುದು ಮಾನಸಿಕ ಕ್ರೌರ್ಯ ಆಗಬಹುದು ಅಂದಿದೆ. ಅಂದರೆ ಇಬ್ಬರಿಗೂ ಹಿಂಸೆ, ಮೇಲೆ ಕೋರ್ಟಿನ ಓಡಾಟ.

ಇಬ್ಬರೂ ಎಲ್ಲ ತಿಳಿದು, ನಮಗೆ ಹೀಗೇ ಸರಿ ಅಂತ ಮದುವೆಯಾದರೆ ಅದು ಅವರಿಷ್ಟ. ಏಸ್ ಏಸ್ ಮದುವೆಯಾದ ಜೋಡಿಗಳೂ ಇವೆ.

ಮುಪ್ಪಿನಲ್ಲಿ ಯಾರು ನೋಡುತ್ತಾರೆ ಅನ್ನುವ ಪ್ರಶ್ನೆ ಅವ್ವ ಕೇಳೇ ಕೇಳುತ್ತಾರೆ. ಕಾಗದಪತ್ರದ ಮಟ್ಟಿಗೆ ನನ್ನ ಹತ್ತಿರ ಉತ್ತರ ಇದೆ. ಬ್ಯಾಂಕು, ವಿಮೆ, ಪಿಎಫ್ ಎಲ್ಲದರಲ್ಲೂ ಯಾರ ಹೆಸರು ನಾಮಿನಿ ಇದೆ ಅಂತ ನೋಡಿಕೊಳ್ಳಲಿ. ವಿಲ್ ಬರೆದಿಡಲಿ, ಇಬ್ಬರು ಸಾಕ್ಷಿ ಸಹಿ ಸಾಕು, ರಿಜಿಸ್ಟರ್ ಕಡ್ಡಾಯ ಅಲ್ಲ, ಮಾಡಿಸಿದರೆ ಒಳ್ಳೆಯದು. ಬ್ಯಾಡಗಿಯವರೇ, ನೀವು ಬರೆದಿದ್ದೀರಾ? ಆ ಮಕ್ಕಳಿಗೆ ಏನಾದರೂ ಬಿಡಬೇಕು ಅಂತಿದ್ದರೆ ಬಾಯಿಮಾತು ನಡೆಯುವುದಿಲ್ಲ.

ಬ್ಯಾಡಗಿ_ಕೆಂಪು

ಬರೆದಿಲ್ಲ ಸರ್. ಈ ವಾರ ಬರೆಸುತ್ತೇನೆ.

ಹಳೇ_ಹುಬ್ಬಳ್ಳಿ_ಅಜ್ಜ

ಹೆಸರು ಬೇಡ ಅಂದ ತಂಗಿ ಬರೆದದ್ದನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಕಾಕಾನ ನೆನಪಾತು" ಅಂದಳು. ನಮ್ಮ ಅಪ್ಪನ ತಮ್ಮ. ಮದುವೆ ಆಗಲಿಲ್ಲ. ಹೊಲ, ಎತ್ತು, ಸಂಜೆ ಭಜನೆ, ರಾತ್ರಿ ಕಟ್ಟೆ ಮೇಲೆ ನಿದ್ದೆ. ಎರಡು ಸಲ ಹುಡುಗಿ ಗೊತ್ತು ಮಾಡಿದರು, ಎರಡು ಸಲವೂ ಪಂಢರಪುರಕ್ಕೆ ಓಡಿಹೋಗಿ, ಮದುವೆ ಮುರಿದ ಮೇಲೆ ವಾಪಸ್ ಬಂದ. ನಾವು ಹುಡುಗರು ನಗುತ್ತಿದ್ದೆವು, ಭಾಳ ದೈವಭಕ್ತ ಅಂತ.

ಆ ಇಂಗ್ಲಿಷ್ ಪದಗಳು ನನ್ನ ನಾಲಿಗೆಗೆ ಈಗಲೂ ಹೊರಳುವುದಿಲ್ಲ. ಮಾಡಿಬಿಡಿ ಅಂದಿದ್ದನ್ನು ಮಾತ್ರ ಹಿಂದೆ ತೆಗೆದುಕೊಳ್ಳುತ್ತೇನೆ.

ಅಣ್ಣಿಗೇರಿ_ದಾರಿ

ಎಲ್ಲರ ಉತ್ತರ ಓದಿದೆ, ಮೂರು ಸಲ. ಮೊನ್ನೆ ತಮ್ಮನಿಗೂ ತೋರಿಸಿದೆ. ಉಣಕಲ್ ಕೆರೆ ದಂಡೆಯಲ್ಲಿ ಕೂತು ಓದಿದ. ಸಂಗೀತದ್ದು ಓದಿ ನಕ್ಕ, ನಮ್ಮ ಮನೆಯಲ್ಲಿ ಅವನಿಗೆ ಮಾತ್ರ ಸಂಗೀತ ಅಂದರೆ ಪ್ರಾಣ. ಹೆಸರು ಬೇಡ ಅವರದ್ದು ಓದಿ ಮೊಬೈಲ್ ನನ್ನ ಕೈಗೆ ಕೊಟ್ಟ, ಮಾತಾಡಲಿಲ್ಲ. ಎದ್ದು ಸ್ವಲ್ಪ ದೂರ ಹೋಗಿ ಬಂದ. "ನಾನು ಹಿಂಗೇ ಮಾಡಾಂವ ಇದ್ದೆ" ಅಂದ. ಏರೋ ಹೌದೋ ಅಲ್ಲವೋ ಇನ್ನೂ ಗೊತ್ತಿಲ್ಲವಂತೆ, ಏಸ್ ಅಂತೂ ಹೌದಂತೆ. ಯಾವುದಾದರೂ ಸರಿ, ಶನಿವಾರ ರಾತ್ರಿ ಊಟಕ್ಕೆ ನಮ್ಮ ಮನೆಗೇ ಬಾ ಅಂದಿದ್ದೇನೆ, ಪ್ರತಿ ಶನಿವಾರ.

ಅವ್ವನಿಗೆ ಸದ್ಯ "ಅವನಿಗೆ ಮದುವೆ ಬೇಡವಂತೆ, ನಾನು ಅವನ ಕಡೆ" ಅಂತಷ್ಟೇ ಹೇಳಿದ್ದೇವೆ, ಅವನೂ ಜೊತೆಗಿದ್ದ. ಅವ್ವ ತಾಟು ಸರಿಸಿ ಎದ್ದು ಹೋದಳು. ನಾನು ಅವನ ತಲೆ ಕೆಡಿಸಿದೆ ಅಂತ ಅವಳ ಲೆಕ್ಕ. ಇರಲಿ.

ಈಗ ಒಂದೇ ಉಳಿದಿದೆ. ಭಾನುವಾರದ ಮನೆಯವರಿಗೆ ಬರುವುದಿಲ್ಲ ಅಂತ ನಾನೇ ಫೋನ್ ಮಾಡಬೇಕು. ಏನು ಕಾರಣ ಹೇಳಲಿ? ನಿಜ ಹೇಳಿದರೆ ಅವನ ಗುಟ್ಟು ಹೋಗುತ್ತದೆ. ಜಾತಕ ಕೂಡಲಿಲ್ಲ ಅನ್ನಲಾ?

ಹೆಸರು_ಬೇಡ

ಜಾತಕ ಅಂದರೆ ಹುಡುಗಿಗೆ ದೋಷ ಇದೆ ಅಂತ ಊರಲ್ಲಿ ಸುದ್ದಿ ಆಗುತ್ತದೆ. ಅದನ್ನು ಹೇಳಬೇಡಿ. ನಮ್ಮ ಹುಡುಗನಿಗೆ ಮದುವೆಯೇ ಬೇಡವಂತೆ, ತಪ್ಪು ನಮ್ಮದು, ಮೊದಲೇ ಕೇಳಬೇಕಿತ್ತು ಅನ್ನಿ. ಸಾಧ್ಯ ಆದರೆ ಫೋನನ್ನು ಹುಡುಗಿ ಕೈಗೆ ಕೊಡಿಸಿ, ಆಕೆಗೇ ಹೇಳಿ.

ಅಣ್ಣಿಗೇರಿ_ದಾರಿ

ಮಾಡಿದೆ. ಅವರ ಅಪ್ಪ ಸ್ವಲ್ಪ ಜೋರಾಗಿ ಮಾತಾಡಿದರು, ಕೇಳಿಸಿಕೊಂಡೆ. ಹುಡುಗಿ ಫೋನ್ ತೆಗೆದುಕೊಂಡು "ಹೌದ್ರಿ ಅಕ್ಕಾರ? ಮತ್ತ ನನ್ನ ಫೋಟೋ ನೋಡಿ ಬ್ಯಾಡ ಅಂದಿದ್ದಲ್ಲಲ್ರಿ?" ಅಂತ ಕೇಳಿದಳು. ಅಲ್ಲ ಅಂದೆ. ಎರಡು ಸಲ ಕೇಳಿದಳು, ಎರಡು ಸಲ ಹೇಳಿದೆ.